‘ಎಷ್ಟು ಪುಟ ಆಯ್ತು?’ – ವಾರದ ಕೊನೆಗೆ ಓದಿನ ಲೆಕ್ಕ ಒಪ್ಪಿಸುವ ಜನ!

ಶಿವಮೊಗ್ಗ: ಗಾಂಧಿ ಬಜಾರಿನ ಅಂಗಡಿಕಾರರು ಶನಿವಾರ ರಾತ್ರಿ ಗಲ್ಲಾ ಲೆಕ್ಕ ಹಾಕುತ್ತಾರೆ. ವ್ಯಾಪಾರ ಎಷ್ಟಾಯ್ತು, ಉದ್ರಿ ಎಷ್ಟು ನಿಂತಿತು, ಸೋಮವಾರಕ್ಕೆ ಯಾವ ಮಾಲು ತರಿಸಬೇಕು – ಅಷ್ಟು ನೋಡಿ ಷಟರ್ ಎಳೆಯುತ್ತಾರೆ. ಅದೇ ಹೊತ್ತಿನಲ್ಲಿ ಬೇರೆಯೇ ಒಂದು ಲೆಕ್ಕ ಹಾಕುವ ಜನ ಈಗ ಊರೂರಲ್ಲೂ ಹುಟ್ಟಿಕೊಂಡಿದ್ದಾರೆ. “ಇವತ್ತು 62 ಪುಟ ಆಯ್ತು, ಉಳಿದದ್ದು ನಾಳೆ ಮುಗಿಸ್ತೀನಿ” ಅಂತ ಒಬ್ಬರು. “ನಂದು 20ಕ್ಕೇ ನಿಂತುಬಿಟ್ಟಿತು, ಮನೆಗೆ ನೆಂಟರು ಬಂದರು” ಅಂತ ಇನ್ನೊಬ್ಬರು. “ಆ ಮುದುಕಿ ಸತ್ತ ಅಧ್ಯಾಯಕ್ಕೆ ಬಂದ್ರಾ? ಇಲ್ಲದಿದ್ದರೆ ನಾನು ಬಾಯಿ ಬಿಡಲ್ಲ” ಅಂತ ಮೂರನೆಯವರು.

ಇವರೆಲ್ಲ ಒಂದೇ ಊರಿನವರು ಆಗಿರಬೇಕೆಂದಿಲ್ಲ. ಮುಖ ನೋಡಿಕೊಂಡವರೂ ಆಗಿರಬೇಕೆಂದಿಲ್ಲ. ಒಬ್ಬರು ಭದ್ರಾವತಿಯಲ್ಲಿ, ಇನ್ನೊಬ್ಬರು ಬೆಂಗಳೂರಿನಲ್ಲಿ, ಮತ್ತೊಬ್ಬರು ದುಬೈಯಲ್ಲಿ ಇರಬಹುದು. ಶನಿವಾರ-ಭಾನುವಾರ ಓದಿದ್ದನ್ನು ಒಬ್ಬರಿಗೊಬ್ಬರು ಮೊಬೈಲಿನಲ್ಲಿ ಒಪ್ಪಿಸುವುದೇ ಇವರ ನಡುವಿನ ನಂಟು.

“ಓದೋದು ಅವರವರ ಪಾಡು. ಅದನ್ನು ಡಂಗುರ ಹೊಡೆಯೋದು ಯಾತಕ್ಕೆ?” ಅಂತ ಕೇಳುವವರು ಇದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರ ಅಷ್ಟು ಸುಲಭವಲ್ಲ.

ಇಪ್ಪತ್ನಾಲ್ಕು ಗಂಟೆಯ ಓದು

ಈ ಚಟ ಎಲ್ಲಿಂದ ಬಂತು ಅಂತ ಹುಡುಕಿದರೆ 2007ನೇ ಇಸವಿಗೆ ಹೋಗಿ ನಿಲ್ಲುತ್ತದೆ. ಆ ವರ್ಷ ಅಕ್ಟೋಬರಿನಲ್ಲಿ ‘ಡ್ಯೂಯಿ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಅಮೆರಿಕದ ಮಹಿಳೆಯೊಬ್ಬರು ಒಂದು ಯೋಚನೆ ಹೊರಡಿಸಿದರು. ಒಂದು ಶನಿವಾರ ಗೊತ್ತು ಮಾಡಿ, ಜಗತ್ತಿನಲ್ಲಿ ಎಲ್ಲೇ ಇದ್ದರೂ ಎಲ್ಲರೂ ಒಂದೇ ಗಳಿಗೆಗೆ ಪುಸ್ತಕ ತೆರೆಯಬೇಕು, 24 ಗಂಟೆ ಓದಬೇಕು, ನಡು ನಡುವೆ ಎಲ್ಲಿಗೆ ಬಂದಿದ್ದೇವೆ ಅಂತ ಒಬ್ಬರಿಗೊಬ್ಬರು ಹೇಳಬೇಕು. ನಿದ್ದೆ ಬಂದವರು ಮಲಗಬಹುದು, ಬಹುಮಾನಕ್ಕೆ ಬಡಿದಾಡುವ ಪಂದ್ಯವಲ್ಲ. ಓದದೆ ಬರೀ ಹುರಿದುಂಬಿಸುವ ಕೆಲಸಕ್ಕೇ ನಿಂತವರೂ ಇದ್ದರು. ಕಬಡ್ಡಿ ಅಂಗಳದಲ್ಲಿ ಗೆರೆಯ ಆಚೆ ನಿಂತು ಕೂಗುವವರ ಹಾಗೆ.

ಆಕೆ ಮರುವರ್ಷವೇ, 2008ರಲ್ಲಿ ತೀರಿಕೊಂಡರು. ಆಮೇಲೆ ಉಳಿದ ಗೆಳತಿಯರು ಅವರ ಹೆಸರಿನಲ್ಲೇ ಅದನ್ನು ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ, ನಡೆಸಿಕೊಂಡು ಬಂದರು. ನೆಟ್ಟವರು ಹೋದರೂ ಗಿಡ ಬದುಕಿತು.

ಅದೇ 2007ರಲ್ಲಿ ‘ಗುಡ್‌ರೀಡ್ಸ್’ ಅನ್ನುವ ಸಂಸ್ಥೆಯೂ ಶುರುವಾಯಿತು. ಯಾವ ಪುಸ್ತಕ ಓದಿದೆ, ಯಾವುದು ಓದುತ್ತಿದ್ದೇನೆ, ಎಷ್ಟನೇ ಪುಟದಲ್ಲಿ ಇದ್ದೇನೆ ಅಂತ ಬರೆದಿಡುವ ಖಾತೆ ಪುಸ್ತಕ ಅದು. 2013ರಲ್ಲಿ ಅಮೆಜಾನ್ ಕಂಪನಿ ಅದನ್ನು ಕೊಂಡುಕೊಂಡಿತು. ಅಂದರೆ ನೋಡಿ, ಓದುಗರು ಪರಸ್ಪರ ಹೇಳಿಕೊಳ್ಳುವ ಮಾತಿಗೂ ವ್ಯಾಪಾರದಲ್ಲಿ ಬೆಲೆ ಇದೆ ಅನ್ನೋದು ದೊಡ್ಡ ವರ್ತಕರಿಗೆ ಆವಾಗಲೇ ಗೊತ್ತಾಗಿತ್ತು!

ಕರ್ನಾಟಕದ ಮಟ್ಟಿಗೆ ಇದು ಬೀದಿಗೆ ಬಂದದ್ದು 2023ರ ಆರಂಭದಲ್ಲಿ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಹರ್ಷ್ ಸ್ನೇಹಾಂಶು ಮತ್ತು ಶ್ರುತಿ ಸಾಹ್ ಎಂಬ ಇಬ್ಬರು ಗೆಳೆಯರು ಶನಿವಾರ ಬೆಳಿಗ್ಗೆ ಮರದ ಕೆಳಗೆ ಚಾಪೆ ಹಾಸಿ ಓದಲು ಕೂತರು. ‘ಬನ್ನಿ, ನೀವೂ ಓದಿ’ ಅಂತ ಚಿತ್ರ ಹಾಕಿ ಕರೆದರು. ಜನ ಬಂದೇ ಬಂದರು. ಸದಸ್ಯತ್ವವಿಲ್ಲ, ಚಂದಾ ಇಲ್ಲ, ಭಾಷಣವಿಲ್ಲ, ಹಾರ ತುರಾಯಿ ಮೊದಲೇ ಇಲ್ಲ. ಅವರವರ ಪುಸ್ತಕ ಅವರವರು ತರುವುದು, ಸದ್ದಿಲ್ಲದೆ ಓದುವುದು, ಕಡೆಗೆ ಪುಸ್ತಕಗಳನ್ನೆಲ್ಲ ಒಟ್ಟಿಗೆ ಜೋಡಿಸಿ ಒಂದು ಫೋಟೋ. ‘ಕಬ್ಬನ್ ರೀಡ್ಸ್’ ಎಂಬ ಈ ಪದ್ಧತಿ ದೆಹಲಿಯ ಲೋಧಿ ಉದ್ಯಾನವೂ ಸೇರಿ ಬೇರೆ ಬೇರೆ ಊರುಗಳಿಗೆ, ಹೊರದೇಶಕ್ಕೂ ಹಬ್ಬಿತು.

ಹೊಸದೇನಲ್ಲ ಸ್ವಾಮಿ!

ಬೆಂಗಳೂರಿನವರು ಹೊಸದಾಗಿ ಕಂಡುಹಿಡಿದರು ಅಂತ ಮಲೆನಾಡಿನವರು ಬೆರಗಾಗಬೇಕಾದ್ದಿಲ್ಲ. ಕೂಡಿ ಓದುವುದು, ಎಲ್ಲಿಗೆ ಬಂತು ಅಂತ ಕೇಳುವುದು ಇಲ್ಲಿನ ಮಣ್ಣಿನಲ್ಲೇ ಇತ್ತು.

ಶಿವಮೊಗ್ಗಕ್ಕೆ ಕೂಗಳತೆಯ ದೂರದ ಹೊಸಹಳ್ಳಿಯನ್ನೇ ತೆಗೆದುಕೊಳ್ಳಿ. ತುಂಗೆಯ ದಡದ ಈ ಊರು ಗಮಕಕ್ಕೆ ಹೆಸರುವಾಸಿ. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಒಬ್ಬರು ಕುಮಾರವ್ಯಾಸ ಭಾರತವನ್ನೋ ಜೈಮಿನಿ ಭಾರತವನ್ನೋ ರಾಗವಾಗಿ ಓದುವುದು, ಪಕ್ಕದಲ್ಲಿ ಕೂತವರು ಅರ್ಥ ಹೇಳುವುದು – ಇದು ಗಮಕದ ಕ್ರಮ. ಹಿಂದೆ ಎಷ್ಟೋ ಹಳ್ಳಿಗಳಲ್ಲಿ ಶ್ರಾವಣ ಬಂತೆಂದರೆ ಗುಡಿಯ ಪಡಸಾಲೆಯಲ್ಲಿ ಪಾರಾಯಣ ನಡೆಯುತ್ತಿತ್ತು. ಗದ್ದೆ ಕೆಲಸ ಮುಗಿಸಿ ತಡವಾಗಿ ಬಂದವನು ಬಾಗಿಲಲ್ಲೇ ಪಿಸುಗುಟ್ಟುತ್ತಿದ್ದದ್ದು ಒಂದೇ ಮಾತು: “ಎಲ್ಲಿಗೆ ಬಂತು? ಕೀಚಕ ಸತ್ತನಾ?” ಮೊಬೈಲಿನಲ್ಲಿ ಈಗ ಕೇಳುವ ಪ್ರಶ್ನೆಯೂ ಅದೇ ಅಲ್ಲವೇ? ಅಕ್ಷರ ಬಾರದವನೂ ಆ ಪಡಸಾಲೆಯಲ್ಲಿ ಓದುಗನೇ ಆಗಿದ್ದ ಅನ್ನೋದು ಮಾತ್ರ ವ್ಯತ್ಯಾಸ.

ಆಮೇಲೆ ವಾರಪತ್ರಿಕೆಗಳ ಕಾಲ ಬಂತು. ‘ಸುಧಾ’ 1965ರಲ್ಲಿ, ‘ತರಂಗ’ 1983ರಲ್ಲಿ ಶುರುವಾದವು. ಧಾರಾವಾಹಿಯ ಕಡೆಯಲ್ಲಿ ‘ಮುಂದುವರಿಯುವುದು’ ಅಂತ ಅಚ್ಚಾಗಿದ್ದರೆ ಸಾಕು, ಇಡೀ ಊರು ಮುಂದಿನ ವಾರದವರೆಗೆ ಉಸಿರು ಬಿಗಿ ಹಿಡಿದಿರುತ್ತಿತ್ತು. ಆಗ ‘ಎಷ್ಟು ಪುಟ ಆಯ್ತು’ ಅಂತ ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಕಾರಣ ಸರಳ: ಎಲ್ಲರೂ ಒಂದೇ ಪುಟದಲ್ಲಿ ನಿಂತಿರುತ್ತಿದ್ದರು! ಬಸ್ ಸ್ಟ್ಯಾಂಡಿನಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ, ಹಿತ್ತಲ ಬೇಲಿಯ ಆಚೆ-ಈಚೆ ಅದೇ ಮಾತು. ಈಗ ಹಾಗಲ್ಲ. ಹತ್ತು ಜನ ಹತ್ತು ಪುಸ್ತಕ ಹಿಡಿದಿರುತ್ತಾರೆ. ಆದ್ದರಿಂದಲೇ ನಾನಿಲ್ಲಿ, ನೀವೆಲ್ಲಿ ಅಂತ ಕೂಗಿ ಹೇಳಬೇಕಾಗಿ ಬಂದಿದೆ.

ಬಾಡಿಗೆ ಪುಸ್ತಕದ ಅಂಗಡಿಗಳನ್ನು ಮರೆಯುವ ಹಾಗೇ ಇಲ್ಲ. ‘ಸರ್ಕ್ಯುಲೇಟಿಂಗ್ ಲೈಬ್ರರಿ’ ಎಂಬ ಬೋರ್ಡು ಹೊತ್ತ ಸಣ್ಣ ಸಣ್ಣ ಮಳಿಗೆಗಳು ರಾಜ್ಯದ ಎಷ್ಟೋ ಪೇಟೆಗಳಲ್ಲಿ ಇದ್ದವು. ಅವುಗಳನ್ನು ಬದುಕಿಸಿದವರು ಮನೆಯ ಹೆಂಗಸರು. ಮಗನ ಕೈಯಲ್ಲಿ ಚೀಟಿ ಕೊಟ್ಟು ಕಳಿಸಿದರೆ ಅಂಗಡಿಯವನು ತ್ರಿವೇಣಿಯವರದೋ ಇಂದಿರಾ ಅವರದೋ ಕಾದಂಬರಿ ತೆಗೆದುಕೊಡುತ್ತಿದ್ದ. ಆ ಎಂ.ಕೆ. ಇಂದಿರಾ ಇದೇ ಜಿಲ್ಲೆಯ ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದವರು. ಅವರ ಮೊದಲ ಕಾದಂಬರಿ ‘ತುಂಗಭದ್ರ’ ಹೊರಬಂದದ್ದು 1963ರಲ್ಲಿ, ವಯಸ್ಸು ನಲವತ್ತು ದಾಟಿದ ಮೇಲೆ. ಯಾವ ಪುಸ್ತಕ ಯಾರ ಮನೆಗೆ ಹೋಗಿದೆ, ಯಾರು ಎರಡೇ ದಿನಕ್ಕೆ ಮುಗಿಸಿದರು ಅನ್ನುವ ಲೆಕ್ಕವೆಲ್ಲ ಅಂಗಡಿಯವನ ತಲೆಯಲ್ಲಿ ಇರುತ್ತಿತ್ತು. ಟಿವಿ ಬಂತು, ಧಾರಾವಾಹಿ ಬಂತು, ಆ ಮಳಿಗೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಓದಿದ ಮೇಲೆ ಹೇಳಿಕೊಳ್ಳಲು ಇದ್ದ ಜಾಗವೂ ಜೊತೆಗೇ ಹೋಯಿತು.

ಬಸ್ಸಿನ ಲೆಕ್ಕ

ಇರಲಿ. ಲೆಕ್ಕ ಒಪ್ಪಿಸಿದರೆ ಲಾಭವೇನು?

ಉದ್ರಿ ಕೊಟ್ಟ ಅಂಗಡಿಕಾರರಿಗೆ ಇದು ಬೇಗ ಅರ್ಥವಾಗುತ್ತದೆ. ಕೇಳುವವರು ಇದ್ದರೆ ಬಾಕಿ ವಸೂಲಾಗುತ್ತದೆ, ಕೇಳದಿದ್ದರೆ ಮುಳುಗುತ್ತದೆ. ಓದೂ ಹಾಗೇ. ಸಂಕ್ರಾಂತಿಗೆ ಕೊಂಡ ಪುಸ್ತಕ ದೀಪಾವಳಿಯವರೆಗೂ ನಲವತ್ತನೇ ಪುಟದಲ್ಲಿ ಬಸ್ ಟಿಕೆಟ್ ಇಟ್ಟುಕೊಂಡು ಮಲಗಿರುತ್ತದೆ. ‘ಏನ್ರೀ, ಎಲ್ಲಿಗೆ ಬಂತು’ ಅಂತ ವಾರಕ್ಕೊಮ್ಮೆ ಯಾರಾದರೂ ಕೇಳಿದರೆ ನಾಚಿಕೆಗಾದರೂ ಹತ್ತು ಪುಟ ಮುಂದೆ ಹೋಗುತ್ತದೆ.

ಭದ್ರಾವತಿ-ಶಿವಮೊಗ್ಗ ನಡುವೆ ದಿನವೂ ಓಡಾಡುವ ನೌಕರರನ್ನೇ ಲೆಕ್ಕ ಹಾಕಿ. ಹೋಗುವಾಗ ಅರ್ಧ ಗಂಟೆ, ಬರುವಾಗ ಅರ್ಧ ಗಂಟೆ ಓದಿದರು ಅಂತ ಇಟ್ಟುಕೊಳ್ಳಿ. ಎರಡು ನಿಮಿಷಕ್ಕೆ ಒಂದು ಪುಟ ಅಂದರೂ ದಿನಕ್ಕೆ 30 ಪುಟ. ತಿಂಗಳಿಗೆ 24 ದಿನದ ಕೆಲಸ ಅಂದರೆ 720 ಪುಟ! “ಸೀಟು ಸಿಕ್ಕರೆ ತಾನೇ?” ಅಂತೀರಾ? ಸರಿ. 2023ರ ಜೂನ್ ತಿಂಗಳಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ನಿಲ್ಲಲು ಜಾಗ ಸಿಕ್ಕರೂ ಪುಣ್ಯ. ಅರ್ಧ ದಿನ ನಿಂತೇ ಹೋದಿರಿ ಅಂತ ಕಳೆದುಬಿಡಿ. ಆಗಲೂ 360 ಪುಟ ಉಳಿಯುತ್ತದೆ. ಕುಪ್ಪಳಿಯ ಕುವೆಂಪು ಅವರ, 1967ರಲ್ಲಿ ಬಂದ ‘ಮಲೆಗಳಲ್ಲಿ ಮದುಮಗಳು’ ಇಟ್ಟಿಗೆಯಷ್ಟು ದಪ್ಪ ಅಂತ ಹೆದರಿ ಕೈಬಿಟ್ಟವರು ಎಷ್ಟು ಜನ! ಬಸ್ಸಿನ ಈ ಲೆಕ್ಕದಲ್ಲಿ ಅದೂ ಮಳೆಗಾಲ ಮುಗಿಯುವುದರೊಳಗೆ ಮುಗಿಯುತ್ತದೆ.

ಅಂಗಡಿಯವರಿಗೂ ಹೊತ್ತು ಇಲ್ಲದೇ ಇಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗಿರಾಕಿ ಕಡಿಮೆ. ಆ ಹೊತ್ತಿನಲ್ಲಿ ಗಲ್ಲಾದ ಹಿಂದೆ ಕೂತವರ ಹೆಬ್ಬೆರಳು ಮೊಬೈಲಿನ ಮೇಲೆ ಜಾರುತ್ತಲೇ ಇರುತ್ತದೆ. ಎರಡು ಗಂಟೆ ಏನು ನೋಡಿದಿರಿ ಅಂತ ಸಂಜೆ ಕೇಳಿದರೆ ನೆನಪೇ ಇರುವುದಿಲ್ಲ. ಅದೇ ಎರಡು ಗಂಟೆಯಲ್ಲಿ ತೇಜಸ್ವಿಯವರ ‘ಕರ್ವಾಲೊ’ದ ಮಂದಣ್ಣನ ಜೊತೆ ಕಾಡು ತಿರುಗಿದ್ದರೆ ಸಂಜೆ ಬಂದ ಗಿರಾಕಿಗೆ ಹೇಳಲು ಒಂದು ಕಥೆಯಾದರೂ ಇರುತ್ತಿತ್ತು.

ಬಡಾಯಿಯ ರೋಗ

ಹಾಗಂತ ಎಲ್ಲವೂ ಚಂದವಲ್ಲ. ಎಲ್ಲಿ ಲೆಕ್ಕ ಉಂಟೋ ಅಲ್ಲಿ ಸುಳ್ಳು ಲೆಕ್ಕವೂ ಉಂಟು!

‘ಈ ವರ್ಷ ನೂರು ಪುಸ್ತಕ’ ಅಂತ ಶಪಥ ತೊಟ್ಟವರು ಡಿಸೆಂಬರ್ ಹತ್ತಿರ ಬಂದ ಹಾಗೆ ತೆಳ್ಳಗಿನ ಪುಸ್ತಕಗಳನ್ನೇ ಹುಡುಕಲು ಶುರು ಮಾಡುತ್ತಾರೆ. ಪುಸ್ತಕದ ಪಕ್ಕ ಫಿಲ್ಟರ್ ಕಾಫಿ ಲೋಟ ಇಟ್ಟು ಫೋಟೋ ತೆಗೆಯುವುದಕ್ಕೆ ಅರ್ಧ ಗಂಟೆ, ಓದುವುದಕ್ಕೆ ಐದು ನಿಮಿಷ. ನಿಧಾನಕ್ಕೆ ಓದುವವರು ಬೇರೆಯವರ ಅಂಕಿ ನೋಡಿ ಕುಗ್ಗುತ್ತಾರೆ. ಒಂದು ವಚನವನ್ನು ಒಂದು ದಿನ ಮೆಲುಕು ಹಾಕಿದವನ ಲೆಕ್ಕ ‘ಅರ್ಧ ಪುಟ’. ಸಾಹಸದ ಕಾದಂಬರಿಯನ್ನು ಓಡಿಸಿಕೊಂಡು ಹೋದವನದು 200 ಪುಟ. ಇವರಲ್ಲಿ ಹೆಚ್ಚು ಓದಿದವರು ಯಾರು ಅಂತ ಯಾವ ತಕ್ಕಡಿ ಹೇಳುತ್ತದೆ? ಅಕ್ಕಿಯನ್ನು ಸೇರಿನಲ್ಲಿ ಅಳೆಯಬಹುದು, ಊಟದ ರುಚಿಯನ್ನು ಅಳೆಯಲಾಗದು.

ಕನ್ನಡದವರಿಗೆ ಇನ್ನೊಂದು ತೊಡಕು. ಹೊರಗಿನವರು ಕಟ್ಟಿದ ಈ ಓದಿನ ಖಾತೆಗಳಲ್ಲಿ ಇಂಗ್ಲಿಷ್ ಪುಸ್ತಕದ ಹೆಸರು ಹಾಕಿದರೆ ಮುಖಪುಟ, ಪುಟಸಂಖ್ಯೆ ಎಲ್ಲ ಥಟ್ಟನೆ ಬರುತ್ತದೆ. ಹಳೆಯ ಕನ್ನಡ ಕಾದಂಬರಿಗಳು ಎಷ್ಟೋ ಅಲ್ಲಿ ಸಿಗುವುದೇ ಇಲ್ಲ. ಕನ್ನಡ ಓದಿದವನ ಓದು ಲೆಕ್ಕಕ್ಕೇ ಬಾರದೆ ಹೋಗುತ್ತದೆ. ಲೆಕ್ಕಕ್ಕೆ ಬಾರದ್ದು ಕಣ್ಣಿಗೂ ಬೀಳುವುದಿಲ್ಲ. 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ದೀಪಾ ಭಾಸ್ತಿ ಅನುವಾದಿಸಿದ್ದು. ಕನ್ನಡಕ್ಕೆ ಅದು ಮೊದಲ ಬೂಕರ್. ಆಮೇಲೆ ಬಾನು ಅವರ ಕನ್ನಡ ಪುಸ್ತಕ ಎಲ್ಲಿ ಸಿಗುತ್ತದೆ ಅಂತ ಎಲ್ಲರೂ ಹುಡುಕಿದರು. ಅಷ್ಟು ವರ್ಷ ಅವು ಕನ್ನಡದಲ್ಲೇ ಇದ್ದವಲ್ಲ! ಓದಿದವರು ಓದಿದ್ದನ್ನು ನಾಲ್ಕು ಜನಕ್ಕೆ ಹೇಳದೆ ಇದ್ದದ್ದರ ಫಲ ಅದೂ ಒಂದು.

ತೆರಿಗೆ ಕಟ್ಟೋರು ನೀವು!

ಇಲ್ಲಿ ಅಂಗಡಿಕಾರರು ಸ್ವಲ್ಪ ಕಿವಿಗೊಟ್ಟು ಕೇಳಬೇಕಾದ ಸಂಗತಿ ಇದೆ. ಮನೆ, ಮಳಿಗೆಗಳ ಆಸ್ತಿ ತೆರಿಗೆಯ ರಸೀದಿಯನ್ನು ಒಮ್ಮೆ ಬಿಡಿಸಿ ನೋಡಿ. ಅದರಲ್ಲಿ ‘ಗ್ರಂಥಾಲಯ ಕರ’ ಅಂತ ಒಂದು ಸಾಲು ಇರುತ್ತದೆ. ತೆರಿಗೆಯ ಮೇಲೆ ನೂರಕ್ಕೆ 6 ರೂಪಾಯಿ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರಲ್ಲಿ ಆಯಿತು, ಮರುವರ್ಷ ನವೆಂಬರ್ 1ರಿಂದ ಜಾರಿಗೆ ಬಂತು. ಅಂದಿನಿಂದ ಪುಸ್ತಕಕ್ಕಾಗಿ ಊರಿನ ಜನ ಕಾಸು ಕಟ್ಟುತ್ತಲೇ ಇದ್ದಾರೆ. ಕಾಸು ಕೊಟ್ಟವರು ಮಾಲು ತೆಗೆದುಕೊಳ್ಳದೆ ಬಿಡುವ ವ್ಯಾಪಾರ ಬಜಾರಿನಲ್ಲಿ ಇನ್ನೊಂದು ಉಂಟೇ?

ನಗರದ ಗ್ರಂಥಾಲಯಗಳು ಸಾಮಾನ್ಯವಾಗಿ ಭಾನುವಾರ ತೆರೆದಿದ್ದು ಸೋಮವಾರ ರಜೆ ಮಾಡುತ್ತವೆ. ಅಂದರೆ ಕೆಲಸಕ್ಕೆ ಹೋಗುವವರ ಅನುಕೂಲ ನೋಡಿಯೇ ಆ ಪದ್ಧತಿ ಮಾಡಿದ್ದು. ಈಗ ಒಳಗೆ ಹೋಗಿ ನೋಡಿದರೆ ಕುರ್ಚಿ ತುಂಬ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ-ಹುಡುಗಿಯರು. ಪಾಪ, ಓದಲಿ, ಕೆಲಸ ಸಿಗಲಿ. ಆದರೆ ಕಥೆ-ಕಾದಂಬರಿಯ ಕಪಾಟಿನ ಕಡೆ ಸುಳಿಯುವವರು ಕಡಿಮೆ. ಎರವಲು ಕೇಳುವವರೇ ಇಲ್ಲ ಅಂದರೆ ಹೊಸ ಪುಸ್ತಕ ತರಿಸಿ ಅಂತ ಒತ್ತಾಯ ಮಾಡುವವರು ಯಾರು?

ಕನ್ನಡ ಪುಸ್ತಕದ ಬಾಳೇ ಇದಕ್ಕೆ ಅಂಟಿಕೊಂಡಿದೆ. ಎಷ್ಟೋ ಕನ್ನಡ ಪುಸ್ತಕಗಳು ಸಾವಿರ ಪ್ರತಿ ಅಚ್ಚಾದರೆ ಹೆಚ್ಚು. ಅದರಲ್ಲಿ ಗ್ರಂಥಾಲಯ ಇಲಾಖೆ ಸಗಟಾಗಿ ಎಷ್ಟು ಕೊಳ್ಳುತ್ತದೆ, ಯಾವಾಗ ದುಡ್ಡು ಬರುತ್ತದೆ ಅಂತ ಪ್ರಕಾಶಕರು ದಾರಿ ಕಾಯುತ್ತಾರೆ. ಪ್ರಕಾಶಕನ ಕಣ್ಣು ಓದುಗನ ಮೇಲಿರಬೇಕಾದ್ದು ಕಚೇರಿಯ ಮೇಲಿರುತ್ತದೆ. ಓದುಗ ಬಾಯಿ ಬಿಟ್ಟು ‘ಇದು ಓದಿದೆ, ಚೆನ್ನಾಗಿದೆ, ಇನ್ನೊಂದು ಕೊಡಿ’ ಅಂದರೆ ಆ ಕಣ್ಣು ತಿರುಗುತ್ತದೆ. ವಾರದ ಕೊನೆಗೆ ‘62 ಪುಟ ಆಯ್ತು’ ಅನ್ನುವ ಸಣ್ಣ ಮಾತಿಗೆ ಅಷ್ಟು ಶಕ್ತಿ ಉಂಟು.

ಹಳ್ಳಿಯ ಕಡೆ ಸುದ್ದಿ ಕೊಂಚ ಸಮಾಧಾನದ್ದು. ರಾಜ್ಯದ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. 2020ರ ನವೆಂಬರಿನಲ್ಲಿ, ಕೊರೋನಾದಿಂದ ಶಾಲೆಗಳು ಮುಚ್ಚಿದ್ದಾಗ, ‘ಓದುವ ಬೆಳಕು’ ಎಂಬ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಬಿಟ್ಟಿ ಸದಸ್ಯತ್ವ ಕೊಟ್ಟರು. ಈಗ ಅವುಗಳಿಗೆ ‘ಅರಿವು ಕೇಂದ್ರ’ ಅಂತ ಹೆಸರು. ಮಕ್ಕಳು ಕೂತು ಗಟ್ಟಿಯಾಗಿ ಓದುವುದು, ಓದಿದ ಕಥೆಯನ್ನು ಉಳಿದವರಿಗೆ ಹೇಳುವುದು ಅಲ್ಲಿ ರೂಢಿಯಾಗಿದೆ. ಪೇಟೆಯ ದೊಡ್ಡವರು ಮೊಬೈಲಿನಲ್ಲಿ ಮಾಡುವುದನ್ನು ಹಳ್ಳಿಯ ಮಕ್ಕಳು ಚಾಪೆಯ ಮೇಲೆ ಮಾಡುತ್ತಿದ್ದಾರೆ.

ನಾಲ್ಕು ಜನ ಸಾಕು

ಶಿವಮೊಗ್ಗಕ್ಕೆ ಇದೆಲ್ಲ ಹೊರಗಿನಿಂದ ಕಲಿಸಬೇಕಾದ ಪಾಠವಲ್ಲ. 1930ರಲ್ಲಿ ಹುಟ್ಟಿದ ಕರ್ನಾಟಕ ಸಂಘ ಇಲ್ಲಿದೆ, ಪುಸ್ತಕಗಳಿಗೆ ಬಹುಮಾನ ಕೊಡುತ್ತಾ ಬಂದಿದೆ. ನೆರಳು ಕೊಡುವ ಮರಗಳಿರುವ ಪಾರ್ಕುಗಳಿವೆ. ಭಾನುವಾರ ಬೆಳಿಗ್ಗೆ ಇಡ್ಲಿ-ವಡೆ ತಿಂದು ಅರ್ಧ ದಿನ ಹರಟೆಗೆ ಕೂರುವ ಜನರಿಗೂ ಬರವಿಲ್ಲ.

ದೊಡ್ಡ ಸಂಘ ಕಟ್ಟಬೇಕಾಗಿಲ್ಲ. ಅಧ್ಯಕ್ಷ, ಕಾರ್ಯದರ್ಶಿ ಅಂತ ಶುರುವಾದರೆ ಓದು ಹಿಂದೆ ಬಿದ್ದು ಜಗಳ ಮುಂದೆ ಬರುತ್ತದೆ. ಒಂದೇ ಬಸ್ಸಿನಲ್ಲಿ ಹೋಗುವ ನಾಲ್ಕು ಜನ, ಇಲ್ಲವೇ ಒಂದೇ ಸಾಲಿನ ನಾಲ್ಕು ಅಂಗಡಿಯವರು ಸಾಕು. ಮೊಬೈಲು ಇದ್ದವರು ಮೊಬೈಲಿನಲ್ಲಿ ಹೇಳಲಿ, ಬೇಡದವರು ಬಾಯಲ್ಲೇ ಹೇಳಲಿ. ಪುಟ ಎಷ್ಟು ಅನ್ನೋದರ ಜೊತೆ ಇನ್ನೊಂದು ಪ್ರಶ್ನೆ ಸೇರಿಸಿಕೊಂಡರೆ ಬಡಾಯಿಯ ರೋಗಕ್ಕೂ ಮದ್ದು ಸಿಕ್ಕೀತು: “ಅದರಲ್ಲಿ ಏನಿತ್ತು ಹೇಳಿ!” ಓದದವನು ಅಲ್ಲಿ ಸಿಕ್ಕಿಬೀಳುತ್ತಾನೆ. ಓದಿದವನು ನಿಧಾನಕ್ಕೆ ಓದಿದ್ದರೂ ಹತ್ತು ನಿಮಿಷ ಮಾತಾಡುತ್ತಾನೆ. ಕೇಳಿದವರಲ್ಲಿ ಒಬ್ಬನಿಗೆ ಆಸೆ ಹುಟ್ಟುತ್ತದೆ. ಪುಸ್ತಕ ಕೈ ಬದಲಾಯಿಸುತ್ತದೆ.

ಕಣ್ಣು ಮಂಜಾದ ಹಿರಿಯರನ್ನೂ ಬಿಡಬೇಡಿ. ಅವರಿಗೆ ಯಾರಾದರೂ ದಿನಕ್ಕೆ ನಾಲ್ಕು ಪುಟ ಓದಿ ಹೇಳಿದರೆ ಆ ನಾಲ್ಕು ಪುಟ ಇಬ್ಬರ ಲೆಕ್ಕಕ್ಕೂ ಬರುತ್ತದೆ. ಹೊಸಹಳ್ಳಿಯ ಗಮಕದ ದಾರಿಯೂ ಅದೇ ತಾನೇ?

ದೇಶ ಸುತ್ತು, ಕೋಶ ಓದು ಅಂದರು ಹಿರಿಯರು. ದೇಶ ಸುತ್ತಲು ದುಡ್ಡು ಬೇಕು. ಕೋಶ ಓದಲು ಬೇಕಾದ ದುಡ್ಡನ್ನು ಊರಿನವರು ತೆರಿಗೆ ರಸೀದಿಯಲ್ಲಿ ಆಗಲೇ ಕಟ್ಟಿಯಾಗಿದೆ. ಬರುವ ಭಾನುವಾರ ಗ್ರಂಥಾಲಯಕ್ಕೆ ಹೋಗಿ ಸದಸ್ಯತ್ವದ ಅರ್ಜಿ ಕೇಳಿ. ಬೇಕಾದ ಪುಸ್ತಕ ಇಲ್ಲದಿದ್ದರೆ ಅದರ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟು ಬನ್ನಿ, ತರಿಸಿ ಅನ್ನಿ. ಮುಂದಿನ ವಾರ ಮತ್ತೆ ಹೋಗಿ ‘ಏನಾಯ್ತು’ ಅಂತ ಕೇಳಿ. ಬಾಕಿ ವಸೂಲಿ ಮಾಡುವುದು ಹೇಗೆ ಅಂತ ಬಜಾರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ!